ನಾಟಕ ನಮ್ಮದು, ಬೀಗದ ಕೈ ಯಾರದು?

ನಮ್ಮ ಹಾಡು-ನಾಟಕದ ತಂಡವನ್ನು ನೋಂದಣಿ ಮಾಡಿಸಬೇಕು ಅನ್ನೋ ಮಾತು ಎದ್ದು ಎರಡು ವರ್ಷ ಆಯ್ತು. ಕಾನೂನು ಕೇಳೋದು ಹೆಚ್ಚೇನಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಸೇರಿ ಸಹಿ ಹಾಕಿದರೆ ಸಂಘ. ಆದರೆ ಆ ಏಳು ಹೆಸರು ಬರೆಯುವ ಹೊತ್ತಿಗೇ ನಮ್ಮ ನಮ್ಮಲ್ಲೇ ಜಗಳ ಶುರುವಾಯಿತು. ಒಬ್ಬ ಗೆಳೆಯ ಹೇಳಿದ: “ಯಾರಾದ್ರೂ ದೊಡ್ಡ ಮನುಷ್ಯರನ್ನ ಅಧ್ಯಕ್ಷರು ಮಾಡಾನ, ಆಫೀಸುಗಳ ಬಾಗಿಲು ತೆರೀತವೆ.” ಇನ್ನೊಬ್ಬ ಹೇಳಿದ: “ಬಾಗಿಲು ತೆಗೆಯೋನೇ ನಾಳೆ ಚಿಲಕ ಹಾಕೋನೂ ಆಗ್ತಾನೆ.” ತಮಟೆ ಬಡಿಯೋರು, ಹಾಡೋರು, ವೇಷ ಕಟ್ಟೋರು ಎಲ್ಲ ನಾವೇ. ಆದರೆ ಅಧ್ಯಕ್ಷರ ಕುರ್ಚಿ ಅಂದ ಕೂಡಲೆ ಕೇರಿಯಲ್ಲಿ ಕೂತಿದ್ದ ನಮ್ಮ ಕಣ್ಣು ಊರಿನ ಕಡೆ ತಿರುಗಿತಲ್ಲ, ಅದು ನಮ್ಮನ್ನು ನಾಚಿಸಿತು.

ಈ ಜಗಳ ನಮ್ಮದು ಮಾತ್ರ ಅಲ್ಲ. ಅಮೆರಿಕದ ಕರಿಯರು ನೂರು ವರ್ಷದಿಂದ ಇದೇ ಜಗಳ ಆಡಿದ್ದಾರೆ. ಅವರಿಗೂ ನಮಗೂ ನಂಟು ಹೊಸದಲ್ಲ. ಜೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ಯನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ. ಬಾಬಾಸಾಹೇಬರು 1946ರಲ್ಲಿ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದು, ನೀಗ್ರೋಗಳು ವಿಶ್ವಸಂಸ್ಥೆಗೆ ಕೊಟ್ಟ ಅಹವಾಲಿನ ಪ್ರತಿ ಕೇಳಿದರು. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನೇ ಅಲ್ಲಿಂದ ತಂದುಕೊಂಡಿತು. ನಾವು ಕರಿಯರ ಕವಿತೆ ಓದಿದೆವು, ಅವರ ಘೋಷಣೆ ಕೂಗಿದೆವು. ಅವರ ಸಂಘಗಳ ಲೆಕ್ಕದ ಪುಸ್ತಕ, ಕಮಿಟಿ ಮೀಟಿಂಗಿನ ಜಗಳ ಇವನ್ನು ಮಾತ್ರ ಓದಲಿಲ್ಲ. ಸಂಘಟನೆ ಕಟ್ಟುವ ಜನ ಮೊದಲು ಓದಬೇಕಾದದ್ದು ಅದನ್ನೇ ಅಂತ ಈಗ ಅನಿಸುತ್ತಿದೆ.

ಮೊದಲು ಡುಬಾಯ್ಸ್ ಅವರನ್ನೇ ಹಿಡಿಯೋಣ. 1926ರಲ್ಲಿ ಅವರು ತಾವು ಸಂಪಾದಿಸುತ್ತಿದ್ದ ‘ದಿ ಕ್ರೈಸಿಸ್’ ಪತ್ರಿಕೆಯಲ್ಲಿ ನೀಗ್ರೋ ರಂಗಭೂಮಿಗೆ ನಾಲ್ಕು ಕಟ್ಟಳೆ ಹಾಕಿದರು. ನಾಟಕ ನಮ್ಮ ಬದುಕಿನ ಬಗ್ಗೆ ಇರಬೇಕು, ನಮ್ಮವರೇ ಬರೆದಿರಬೇಕು, ನಮ್ಮ ಜನಕ್ಕಾಗಿ, ನಮ್ಮ ಪ್ರೇಕ್ಷಕರ ಆಸರೆಯಿಂದ ನಡೆಯಬೇಕು, ನಮ್ಮ ಜನ ವಾಸ ಮಾಡುವ ಕಡೆಯೇ ಆಡಬೇಕು. ಈ ಮಾತು ಇವತ್ತು ಓದಿದರೂ ಮೈ ಜುಮ್ಮೆನ್ನುತ್ತದೆ. ಅವರು ಕಟ್ಟಿದ ತಂಡದ ಹೆಸರು ಕ್ರಿಗ್ವಾ. ರಂಗಮಂದಿರ ಅಂದರೆ ಹಾರ್ಲೆಮ್‌ನ 135ನೇ ಬೀದಿಯ ಸಾರ್ವಜನಿಕ ಗ್ರಂಥಾಲಯದ ನೆಲಮಾಳಿಗೆ. ಆ ತಂಡಕ್ಕೆ ಯೂಲಾಲಿ ಸ್ಪೆನ್ಸ್ ಅನ್ನೋ ಹೆಣ್ಣುಮಗಳು ನಾಟಕ ಬರೆಯುತ್ತಿದ್ದಳು. ಕೆರಿಬಿಯನ್ ದ್ವೀಪದಿಂದ ಬಂದವಳು, ಶಾಲೆಯಲ್ಲಿ ಮೇಡಂ. 1927ರಲ್ಲಿ ಆಕೆಯ ‘ಫೂಲ್ಸ್ ಎರಂಡ್’ ನಾಟಕ ಸ್ಪರ್ಧೆಯೊಂದರಲ್ಲಿ 200 ಡಾಲರ್ ಬಹುಮಾನ ಗೆದ್ದಿತು. ಡುಬಾಯ್ಸ್ ಆ ದುಡ್ಡನ್ನು ಪ್ರದರ್ಶನದ ಖರ್ಚಿಗೆ ವಜಾ ಹಾಕಿಕೊಂಡರು. ಬರೆದವಳಿಗೂ ಇಲ್ಲ, ಆಡಿದವರಿಗೂ ಇಲ್ಲ. ತಂಡ ಅಲ್ಲಿಗೇ ಒಡೆಯಿತು.

ಡುಬಾಯ್ಸ್ ದುಡ್ಡು ತಿಂದರು ಅಂತ ನಾವು ಹೇಳುತ್ತಿಲ್ಲ. ಖರ್ಚು ಆಗಿತ್ತು, ನಿಜ. ಆದರೆ ಅದನ್ನು ತೀರ್ಮಾನಿಸಿದ್ದು ಒಬ್ಬರೇ. ನಾಲ್ಕು ಕಟ್ಟಳೆ ಬರೆದ ಮಹಾನುಭಾವರಿಗೆ ಐದನೆಯದೊಂದು ಹೊಳೆಯಲಿಲ್ಲ: ಬಂದ ಕಾಸಿನ ಮಾತು ಯಾರ ಮಾತು? ನಮ್ಮ ನಾಯಕರಲ್ಲೂ ಎಷ್ಟು ಜನಕ್ಕೆ ಇದು ಹೊಳೆದಿದೆ ಅಂತ ಗೆಳೆಯರು ಯೋಚಿಸಲಿ. (ಇನ್ನೊಂದು ಮಾತು. ಈ ಸ್ಪೆನ್ಸ್ ಮೇಡಂ ಹತ್ತಿರ ಬ್ರೂಕ್ಲಿನ್ ಶಾಲೆಯಲ್ಲಿ ಪಾಠ ಕೇಳಿದ ಒಬ್ಬ ಯಹೂದಿ ಬಡ ಹುಡುಗ ಜೋಸೆಫ್ ಪ್ಯಾಪ್. ಮುಂದೆ ನ್ಯೂಯಾರ್ಕಿನಲ್ಲಿ ‘ಪಬ್ಲಿಕ್ ಥಿಯೇಟರ್’ ಕಟ್ಟಿದವನು ಅವನೇ. ಶಿಷ್ಯನ ಹೆಸರು ಎಲ್ಲರಿಗೂ ಗೊತ್ತು.)

ಅದೇ ನೆಲಮಾಳಿಗೆಯಲ್ಲಿ 1940ರಲ್ಲಿ ಇನ್ನೊಂದು ತಂಡ ಹುಟ್ಟಿತು, ಅಮೆರಿಕನ್ ನೀಗ್ರೋ ಥಿಯೇಟರ್. ಏಬ್ರಮ್ ಹಿಲ್, ಫ್ರೆಡರಿಕ್ ಓನೀಲ್ ಕಟ್ಟಿದ್ದು. ಇವರು ಹಿಂದಿನವರಿಂದ ಕಲಿತಿದ್ದರು. ಸಹಕಾರ ಸಂಘದ ಥರ ನಡೆಸಿದರು. ಖರ್ಚೂ ಹಂಚಿಕೆ, ಬಂದರೆ ಲಾಭವೂ ಹಂಚಿಕೆ. ಹೊರಗೆ ಎಲ್ಲಾದರೂ ನಟಿಸಿ ಸಂಪಾದಿಸಿದವರು ಅದರಲ್ಲಿ ನೂರಕ್ಕೆ 2ರಷ್ಟು ಸಂಘಕ್ಕೆ ತರಬೇಕು. ಯಾರೂ ನಕ್ಷತ್ರ ಅಲ್ಲ. ಇಡೀ ತಂಡವೇ ಮುಖ್ಯ. ಸಿಡ್ನಿ ಪಾಟಿಯೇ, ಹ್ಯಾರಿ ಬೆಲಫಾಂಟೆ ಅಕ್ಷರ ಕಲಿತದ್ದು ಈ ಗರಡಿಯಲ್ಲಿ. 1944ರಲ್ಲಿ ಇವರ ‘ಅನ್ನಾ ಲುಕಾಸ್ಟಾ’ ಬ್ರಾಡ್‌ವೇ ಕಣ್ಣಿಗೆ ಬಿತ್ತು. ಬಿಳಿ ಬಂಡವಾಳಗಾರ ಬಂದ, ಕೆಲವು ನಟರನ್ನು ಆರಿಸಿಕೊಂಡ, ಕೆಲವರನ್ನು ಬಿಟ್ಟ. ನಾಟಕ ಬ್ರಾಡ್‌ವೇಯಲ್ಲಿ 957 ಪ್ರದರ್ಶನ ಕಂಡಿತು. ಬರಗಾಲದಲ್ಲಿ ಹಂಚಿ ತಿಂದವರು ಸುಗ್ಗಿಯಲ್ಲಿ ಕಿತ್ತಾಡಿದರು. ಆಮೇಲೆ ಬಂದ ಹುಡುಗರಿಗೆ ಸಂಘ ಅನ್ನೋದು ಬ್ರಾಡ್‌ವೇಗೆ ಹತ್ತುವ ಏಣಿಯಾಯಿತು. ಹತ್ತು ವರ್ಷ ತುಂಬುವಷ್ಟರಲ್ಲಿ ಸಂಘ ಸೊರಗಿಹೋಯಿತು. ಸೋಲನ್ನು ತಡೆದುಕೊಳ್ಳೋಕೆ ಅವರು ನಿಯಮ ಬರೆದಿದ್ದರು, ಗೆಲುವಿಗೆ ಬರೆದಿರಲಿಲ್ಲ.

ಇಲ್ಲಿಂದ ಮುಂದಿನದು ತಿಳಿಯಬೇಕಾದರೆ ಅಲ್ಲಿನ ಕಾನೂನು ಸ್ವಲ್ಪ ತಿಳಿಯಬೇಕು. ಅಮೆರಿಕದಲ್ಲಿ ಲಾಭಕ್ಕಲ್ಲದ ನಾಟಕ ಸಂಸ್ಥೆ ಅಂದರೆ ಅದಕ್ಕೆ ಮಾಲೀಕ ಇಲ್ಲ, ಇರೋದು ಆಡಳಿತ ಮಂಡಳಿ. ಬೋರ್ಡು ಅಂತಲೇ ಅನ್ನೋಣ. 1954ರ ಆದಾಯ ತೆರಿಗೆ ಸಂಹಿತೆಯ ಒಂದು ಕಲಮಿನ ಪ್ರಕಾರ ಇಂಥ ಸಂಸ್ಥೆಗೆ ತೆರಿಗೆ ಇಲ್ಲ, ದಾನ ಕೊಟ್ಟವನಿಗೂ ತೆರಿಗೆಯಲ್ಲಿ ಉಳಿತಾಯ. ಬದಲಿಗೆ ಸಂಸ್ಥೆ ಚುನಾವಣೆಯಲ್ಲಿ ಯಾರ ಪರವೂ ನಿಲ್ಲುವಂತಿಲ್ಲ, ಮಿಕ್ಕಿದ ಹಣವನ್ನು ಹಂಚಿಕೊಳ್ಳುವಂತಿಲ್ಲ. ಬೋರ್ಡಿನವರಿಗೆ ಸಂಬಳವಿಲ್ಲ. ಆದರೆ ನಿರ್ದೇಶಕನನ್ನು ನೇಮಿಸೋರು ಅವರು, ತೆಗೆಯೋರು ಅವರು, ಬಜೆಟ್ಟಿಗೆ ಸಹಿ ಹಾಕೋರು ಅವರು. ಕೊಡಬೇಕು, ಇಲ್ಲ ಯಾರಿಂದಲಾದರೂ ತರಬೇಕು ಅನ್ನೋದು ಬೋರ್ಡಿನ ಸದಸ್ಯತ್ವದ ರೂಢಿ. ಹಾಗಾಗಿ ಆ ಕುರ್ಚಿಗಳಲ್ಲಿ ಬ್ಯಾಂಕಿನವರು, ವಕೀಲರು, ಕಂಪನಿಯವರು, ಅವರ ಹೆಂಡಂದಿರು ಬಂದು ಕೂತರು. 1957ರಿಂದ ಫೋರ್ಡ್ ಫೌಂಡೇಶನ್ ಕಲೆಗೆ ದುಡ್ಡು ಸುರಿಯತೊಡಗಿದ ಮೇಲೆ ಈ ಮಾದರಿ ಇಡೀ ದೇಶಕ್ಕೆ ಹಬ್ಬಿತು. ದೇವಸ್ಥಾನದ ಧರ್ಮದರ್ಶಿ ಮಂಡಳಿ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮಿಸಿಸಿಪ್ಪಿಗೆ ಬರೋಣ. ನಮಗೆ ಈ ಇಡೀ ಚರಿತ್ರೆಯಲ್ಲಿ ಹೆಚ್ಚು ಹತ್ತಿರ ಅನಿಸಿದ್ದು ಅಲ್ಲಿನ ಕಥೆ.

1963. ಕರಿಯ ವೋಟು ಹಾಕಲು ಹೆಸರು ಬರೆಸಿದರೆ ಕೂಲಿ ಹೋಗುತ್ತಿತ್ತು, ಮನೆ ಹೋಗುತ್ತಿತ್ತು, ಕೆಲವು ಸಲ ಜೀವವೇ ಹೋಗುತ್ತಿತ್ತು. ಜಾಕ್ಸನ್ ಪಟ್ಟಣದ ಹತ್ತಿರದ ಟೂಗಲೂ ಕಾಲೇಜಿನಲ್ಲಿ ಮೂರು ಜನ ಸೇರಿದರು. ಜಾನ್ ಓನೀಲ್ ಮತ್ತು ಡೋರಿಸ್ ಡರ್ಬಿ ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿಯ ಕಾರ್ಯಕರ್ತರು. ಗಿಲ್ಬರ್ಟ್ ಮೋಸಸ್ ‘ಮಿಸಿಸಿಪ್ಪಿ ಫ್ರೀ ಪ್ರೆಸ್’ ಪತ್ರಿಕೆಯವನು. ಎಲ್ಲರೂ ನಮ್ಮ ವಯಸ್ಸಿನವರು. ಅವರು ಕಟ್ಟಿದ್ದು ‘ಫ್ರೀ ಸದರ್ನ್ ಥಿಯೇಟರ್’. ಆ ‘ಫ್ರೀ’ಗೆ ಎರಡರ್ಥ. ಬಿಡುಗಡೆಯ ನಾಟಕ, ಟಿಕೆಟ್ಟಿಲ್ಲದ ನಾಟಕ.

1964ರ ಬೇಸಿಗೆಯಲ್ಲಿ ಉತ್ತರದಿಂದ ನೂರಾರು ವಿದ್ಯಾರ್ಥಿಗಳು ಬಂದು ಸ್ವಾತಂತ್ರ್ಯ ಶಾಲೆಗಳನ್ನು ತೆರೆದರು. ಜೂನ್‌ನಲ್ಲಿ ಮೂವರು ಕಾರ್ಯಕರ್ತರನ್ನು ಕೊಂದು ಮಣ್ಣಿನ ಏರಿಯೊಳಗೆ ಹೂತುಹಾಕಿದರು. ಆ ಬೇಸಿಗೆಯಲ್ಲೇ ಈ ತಂಡ ‘ಇನ್ ವೈಟ್ ಅಮೆರಿಕ’ ಹೊತ್ತು ಹೊರಟಿತು. ಚರ್ಚು, ಸಮುದಾಯ ಭವನ, ಹಿತ್ತಿಲು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಆಟ. ಬಾಂಬು ಸಿಡಿಯುತ್ತಿದ್ದ ಮೆಕೋಂಬ್‌ನಂಥ ಊರಲ್ಲೂ ಆಡಿದರು. ನೋಡಲು ಬಂದವರಲ್ಲಿ ಬಹಳ ಜನ ಮುಂಚೆ ನಾಟಕ ಅನ್ನೋದನ್ನೇ ಕಂಡವರಲ್ಲ. ಅವರು ಸುಮ್ಮನೆ ಕೂತು ನೋಡಲಿಲ್ಲ. ಪಾತ್ರಗಳಿಗೆ ಉತ್ತರ ಕೊಟ್ಟರು, ಹಾಡಿಗೆ ದನಿ ಸೇರಿಸಿದರು. ಬಯಲಾಟ ನೋಡಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯ ಇಲ್ಲ.

ಅದೇ ವರ್ಷ ಅವರು ಬೆಕೆಟ್‌ನ ‘ವೇಟಿಂಗ್ ಫಾರ್ ಗೋಡೋ’ವನ್ನೂ ಆಡಿದರು. ಪಂಡಿತರಿಗೇ ಅರ್ಥ ಆಗದ ನಾಟಕ ಹತ್ತಿ ಬಿಡಿಸೋರಿಗೆ ಯಾಕೆ ಅಂತ ನಗಬಹುದು. ರೂಲ್‌ವಿಲ್ ಅನ್ನೋ ಊರಲ್ಲಿ ಫ್ಯಾನಿ ಲೂ ಹೇಮರ್ ನೋಡಲು ಬಂದಿದ್ದಳು. ಗೇಣಿದಾರರ ಮಗಳು, ವೋಟಿಗೆ ಹೆಸರು ಬರೆಸಲು ಹೋಗಿ ದಣಿಯ ತೋಟದಿಂದ ಹೊರಬಿದ್ದವಳು, ಜೈಲಿನಲ್ಲಿ ಏಟು ತಿಂದವಳು. ನಾಟಕದ ನಡುವಿನ ಬಿಡುವಿನಲ್ಲಿ ಎದ್ದು ಅವಳು ಹೇಳಿದ್ದರ ಸಾರ ಇಷ್ಟು: ಈ ಇಬ್ಬರೂ ಕಾಯ್ತಾ ಕೂತವ್ರೆ, ನಾವು ಹಂಗಲ್ಲ, ಯಾರೂ ತಂದುಕೊಡಲ್ಲ, ಎದ್ದು ಹೋಗಿ ಹೋರಾಡಿ ತಗೋಬೇಕು. ಇಂಥ ವಿಮರ್ಶೆ ನಮ್ಮ ನವ್ಯ ವಿಮರ್ಶಕರ ಯಾವ ಪುಸ್ತಕದಲ್ಲೂ ನಾವು ಕಂಡಿಲ್ಲ.

ಸರಿ, ಬೋರ್ಡಿನ ವಿಷಯ. 1964ರಲ್ಲಿ ರಿಚರ್ಡ್ ಶೆಕ್ನರ್ ತಂಡಕ್ಕೆ ಸೇರಿದ. ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ, ‘ಟುಲೇನ್ ಡ್ರಾಮಾ ರಿವ್ಯೂ’ ಸಂಪಾದಕ, ಬಿಳಿಯ. ತಂಡವೂ ಮಿಸಿಸಿಪ್ಪಿ ಬಿಟ್ಟು ನ್ಯೂ ಆರ್ಲಿಯನ್ಸ್‌ಗೆ ನೆಲೆ ಬದಲಿಸಿತು. ಡರ್ಬಿ ಮಾತ್ರ ಮಿಸಿಸಿಪ್ಪಿಯಲ್ಲೇ ಉಳಿದು ಸಹಕಾರ ಸಂಘಗಳಲ್ಲಿ, ಫೋಟೋ ಹಿಡಿಯುವುದರಲ್ಲಿ ಮುಂದಿನ ವರ್ಷಗಳನ್ನು ಕಳೆದಳು. ನೆಲೆ ಬದಲಾದ್ದಕ್ಕೆ ಕಾರಣಗಳಿದ್ದವು. ಊರು ದೊಡ್ಡದು, ಭಯ ಸ್ವಲ್ಪ ಕಡಿಮೆ, ನಟರು ಸಿಗುತ್ತಾರೆ. ಆದರೆ ದುಡ್ಡು ಬರುತ್ತಿದ್ದದ್ದು ಮುಖ್ಯವಾಗಿ ಉತ್ತರದಿಂದ, ನ್ಯೂಯಾರ್ಕಿನ ಉದಾರವಾದಿಗಳ ಸಹಾಯಾರ್ಥ ಕಾರ್ಯಕ್ರಮಗಳಿಂದ. ಟಿಕೆಟ್ಟಿಲ್ಲದ ನಾಟಕಕ್ಕೆ ಪ್ರೇಕ್ಷಕ ಕಾಸು ಕೊಡೋದಿಲ್ಲವಲ್ಲ. ಕೊಡೋದು ಬೇರೆ ಯಾರೋ, ನೋಡೋದು ಬೇರೆ ಯಾರೋ. ಆಟದ ಆಯ್ಕೆ ಯಾರ ಮುಖ ನೋಡಿ ಆಗಬೇಕು? 1965ರಲ್ಲಿ ಬ್ರೆಕ್ಟ್ ಆಡಿದರು, ಐರಿಶ್ ಓಕೇಸಿ ಆಡಿದರು. ಒಳ್ಳೆಯ ನಾಟಕಗಳೇ. ಆದರೆ ಸ್ಪೇನಿನ ತಾಯಿ, ಡಬ್ಲಿನ್ ಬಾಡಿಗೆ ಮನೆ ಇವುಗಳ ನಡುವೆ ಮಿಸಿಸಿಪ್ಪಿಯ ತಾಯಿ ಎಲ್ಲಿ ಅನ್ನೋ ಪ್ರಶ್ನೆ ತಂಡದೊಳಗೇ ಎದ್ದಿತು.

ಹೊರಗೆ ಕಾಲ ಕುದುರೆ ಏರಿತ್ತು. 1965ರಲ್ಲಿ ಮತದಾನ ಹಕ್ಕಿನ ಕಾಯ್ದೆ ಬಂತು. 1966ರ ಮೇನಲ್ಲಿ ಸ್ಟೋಕ್ಲಿ ಕಾರ್ಮೈಕಲ್ ವಿದ್ಯಾರ್ಥಿ ಸಮಿತಿಯ ಅಧ್ಯಕ್ಷನಾದ. ಜೂನ್‌ನಲ್ಲಿ ಮಿಸಿಸಿಪ್ಪಿಯ ಗ್ರೀನ್‌ವುಡ್‌ನಲ್ಲಿ ‘ಬ್ಲ್ಯಾಕ್ ಪವರ್’ ಕೂಗು ಎದ್ದಿತು. ಎರಡೇ ವರ್ಷದ ಹಿಂದೆ ಕರಿಯ-ಬಿಳಿಯ ಒಂದೇ ವೇದಿಕೆಯಲ್ಲಿ ನಿಲ್ಲುವುದೇ ಕ್ರಾಂತಿಯಾಗಿತ್ತು. ಈಗ ಅದೇ ಹಳೆಯದಾಯಿತು. ಬೋರ್ಡಿನಲ್ಲಿ, ಪತ್ರಗಳಲ್ಲಿ, ರಾತ್ರಿ ಪೂರಾ ಮಾತುಗಳಲ್ಲಿ ಒಂದೇ ಪ್ರಶ್ನೆ. ಈ ತಂಡ ಸಮಗ್ರತೆಯ ತಂಡವೋ, ಕರಿಯರ ತಂಡವೋ? ಕೊನೆಗೆ ಶೆಕ್ನರ್ ಹೊರನಡೆದ. ಓನೀಲ್ ಯುದ್ಧಕ್ಕೆ ಹೋಗಲಾರೆ ಎಂದು ಆತ್ಮಸಾಕ್ಷಿಯ ಕಾರಣ ಕೊಟ್ಟು, ಸೈನ್ಯದ ಬದಲಿ ಸೇವೆಗೆಂದು ನ್ಯೂಯಾರ್ಕಿಗೆ ಹೋಗಬೇಕಾಯಿತು. ಮೋಸಸ್ ಕೂಡ ಬಿಟ್ಟ. ಬೋರ್ಡಿನ ಅಧ್ಯಕ್ಷತೆ ಕವಿ ಟಾಮ್ ಡೆಂಟ್ ಹೆಗಲಿಗೆ ಬಂತು. ತಂಡ ಕಪ್ಪು ತಂಡವಾಯಿತು. ಡಿಸೈರ್ ಅನ್ನೋ ಬಡವರ ಬಡಾವಣೆಗೆ ಹೋಗಿ ಕೂತಿತು.

ಈ ತೀರ್ಮಾನ ಸರಿಯಿತ್ತೇ? ಸರಿಯಿತ್ತು ಅಂತಲೇ ನಮ್ಮ ನಿಲುವು. ಗೆಳೆತನ ಬೇರೆ, ಕೀಲಿ ಬೇರೆ. ಶೆಕ್ನರ್ ಕೆಟ್ಟವನಾಗಿದ್ದ ಅಂತಲ್ಲ. ಅವನು ಜೀವ ಪಣಕ್ಕಿಟ್ಟೇ ಬಂದಿದ್ದ. ಆದರೆ ಅವನಿಗೆ ಹೋಗೋಕೆ ಜಾಗ ಇತ್ತು. ನ್ಯೂಯಾರ್ಕಿಗೆ ಹೋದ, 1967ರಲ್ಲಿ ‘ಪರ್ಫಾರ್ಮೆನ್ಸ್ ಗ್ರೂಪ್’ ಕಟ್ಟಿದ, ಪ್ರಪಂಚಕ್ಕೆಲ್ಲ ಗೊತ್ತಾದ. ಡಿಸೈರ್‌ನ ಹುಡುಗರಿಗೆ ಎಲ್ಲಿಗೂ ಹೋಗೋ ಜಾಗ ಇರಲಿಲ್ಲ. ಆ ಒಂದು ವ್ಯತ್ಯಾಸ ಸಾಕು, ಯಾರು ಕಮಿಟಿಯಲ್ಲಿ ಕೂರಬೇಕು ಅಂತ ಹೇಳೋಕೆ. ಆದರೆ ಬೆಲೆಯನ್ನೂ ಹೇಳಬೇಕು, ಮುಚ್ಚಿಟ್ಟರೆ ಅದು ಚರಿತ್ರೆಯಲ್ಲ. ಉತ್ತರದ ಉದಾರವಾದಿಗಳ ಜೇಬು ಬಿಗಿಯಾಯಿತು. ತಂಡ ಎದ್ದು ಬಿದ್ದು ನಡೆಯಿತು. ಪ್ರವಾಸ ಮಾಡುವ ನಾಟಕ ತಂಡಕ್ಕೆ ಬಸ್ಸು, ಪೆಟ್ರೋಲು, ಊಟ ಬೇಕು. ಘೋಷಣೆ ತುಂಬಿಸಿದರೆ ಬಸ್ಸು ಓಡೋದಿಲ್ಲ.

ಡೆಂಟ್ ಆಗ ಮಾಡಿದ್ದು ನಮಗೆ ದೊಡ್ಡ ಕೆಲಸ ಅನಿಸುತ್ತದೆ. ದುಡ್ಡಿಲ್ಲ, ನಟರಿಲ್ಲ, ಇರೋದು ಕೇರಿ. ಸರಿ, ಕೇರಿಯವರೇ ಬರೆಯಲಿ, ಕೇರಿಯವರೇ ಆಡಲಿ ಅಂತ ಒಂದು ಬರಹ-ಅಭಿನಯ ಕಮ್ಮಟ ಶುರುಮಾಡಿದ. 1968ರಲ್ಲಿ ಅದು ‘ಬ್ಲ್ಯಾಕ್‌ಆರ್ಟ್‌ಸೌತ್’ ಆಯಿತು. ಕಲಾಮು ಯಾ ಸಲಾಮ್ ಎಂಬ ಯುವಕ ಜೊತೆಗಿದ್ದ. ‘ನ್ಕೊಂಬೊ’ ಅಂತ ಸಣ್ಣ ಪತ್ರಿಕೆ ತಂದರು. ಅವತ್ತಿನವರೆಗೆ ಯಾರೂ ಬರೆಯಲು ಕೇಳದಿದ್ದ ಜನ ಅಲ್ಲಿ ಬರೆದರು. ನಮ್ಮ ‘ಪಂಚಮ’, ‘ಶೂದ್ರ’ದಂಥ ಪತ್ರಿಕೆಗಳು ನೆನಪಾದರೆ ತಪ್ಪಿಲ್ಲ. ಮುಂದೆ ಈ ಕಮ್ಮಟವೂ ತಾಯಿ ತಂಡದಿಂದ ಬೇರೆಯಾಯಿತು. ಮಗು ಬೇರೆ ಒಲೆ ಹೂಡಿದ ಹಾಗೆ.

ಓನೀಲ್ ಹಿಂತಿರುಗಿ ಬಂದು 1970ರ ದಶಕವನ್ನೆಲ್ಲ ಈ ತಂಡದಲ್ಲೇ ದೂಡಿದ. ಚಳವಳಿ ತಣ್ಣಗಾಗಿತ್ತು. 1980ರಲ್ಲಿ ಅವನು ಒಬ್ಬನೇ ರಂಗಕ್ಕೆ ಬಂದ. ಜೂನ್‌ಬಗ್ ಜಾಬೋ ಜೋನ್ಸ್ ಎಂಬ ಪಾತ್ರ ಹಿಡಿದು ಕಥೆ ಹೇಳತೊಡಗಿದ. ಈ ಜೂನ್‌ಬಗ್ ಹಳೆಯ ವಿದ್ಯಾರ್ಥಿ ಸಮಿತಿಯ ಕಾರ್ಯಕರ್ತರು ಜೈಲಲ್ಲಿ, ಮೀಟಿಂಗಿನಲ್ಲಿ ಮಾತಿಗೆ ಮಾತು ಸೇರಿಸಿ ಕಟ್ಟಿಕೊಂಡಿದ್ದ ಊರ ಜಾಣ. ಒಬ್ಬ ನಟ, ಒಂದು ಕುರ್ಚಿ. ಖರ್ಚಿಲ್ಲ. ಇಪ್ಪತ್ತು ಜನ ಬಸ್ಸಿನಲ್ಲಿ ಹೋಗಿ ಆಡುತ್ತಿದ್ದ ತಂಡ ಒಬ್ಬನ ಬಾಯಿಗೆ ಬಂದು ನಿಂತದ್ದನ್ನು ಹೊಂದಾಣಿಕೆ ಅನ್ನಬೇಕೋ, ಸೋಲು ಅನ್ನಬೇಕೋ, ನಮ್ಮಲ್ಲಿ ಒಮ್ಮತ ಇಲ್ಲ.

1985ರಲ್ಲಿ ಓನೀಲ್ ಯಾವ ಬೋರ್ಡೂ ಮಾಡದ ಕೆಲಸ ಮಾಡಿದ. ಸಂಸ್ಥೆಗಳು ಸಾಮಾನ್ಯವಾಗಿ ಸತ್ತ ಮೇಲೂ ಲೆಟರ್‌ಹೆಡ್‌ನಲ್ಲಿ ಬದುಕಿರುತ್ತವೆ. ಅವನು ಫ್ರೀ ಸದರ್ನ್ ಥಿಯೇಟರ್ ತೀರಿಕೊಂಡಿದೆ ಅಂತ ಎಲ್ಲರಿಗೂ ತಿಳಿಸಿ, ಹಳೆಯ ಗೆಳೆಯರನ್ನು ನ್ಯೂ ಆರ್ಲಿಯನ್ಸ್‌ಗೆ ಕರೆಸಿ, ಬ್ಯಾಂಡು ಬಾರಿಸಿ ಮೆರವಣಿಗೆಯಲ್ಲಿ ಹೆಣ ಎತ್ತಿಸಿದ. ಶವಪೆಟ್ಟಿಗೆಯೊಳಗೆ ಇದ್ದದ್ದು ತಂಡದ ನೆನಪಿನ ವಸ್ತುಗಳು. ಆ ಊರಿನ ಕರಿಯರ ಪದ್ಧತಿಯಲ್ಲಿ ಹೋಗುವಾಗ ಶೋಕದ ಬಾಜಾ, ಬರುವಾಗ ಕುಣಿಯುವ ಬಾಜಾ. ತಮಟೆಯ ಮುಂದೆ ಕುಣಿಯುತ್ತ ಮಣ್ಣಿಗೆ ಹೋಗುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಉಳಿದದ್ದನ್ನು ‘ಜೂನ್‌ಬಗ್ ಪ್ರೊಡಕ್ಷನ್ಸ್’ ಅನ್ನೋ ಹೊಸ ಸಂಸ್ಥೆ ಹೊತ್ತುಕೊಂಡಿತು. ಜನ ದುಂಡಗೆ ಕೂತು ಸರದಿ ಪ್ರಕಾರ ತಮ್ಮ ಕಥೆ ಹೇಳುವ ‘ಕಥೆಯ ಸುತ್ತು’ ಪದ್ಧತಿಯನ್ನು ಓನೀಲ್ 2019ರಲ್ಲಿ ತೀರಿಕೊಳ್ಳುವವರೆಗೂ ಊರೂರಿಗೆ ಕಲಿಸಿದ.

ಇನ್ನೊಂದು ದಾರಿ ಹಿಡಿದವರೂ ಇದ್ದರು. 1966ರ ಆಗಸ್ಟಿನಲ್ಲಿ ಡಗ್ಲಸ್ ಟರ್ನರ್ ವಾರ್ಡ್ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಅಮೆರಿಕದ ರಂಗಭೂಮಿ ಬಿಳಿಯರಿಗೆ ಮಾತ್ರವೇ ಅಂತ ಕೇಳಿದ. ಫೋರ್ಡ್ ಫೌಂಡೇಶನ್ 4,34,000 ಡಾಲರ್ ಕೊಟ್ಟಿತು. 1967ರಲ್ಲಿ ನೀಗ್ರೋ ಎನ್ಸೆಂಬಲ್ ಕಂಪನಿ ಹುಟ್ಟಿತು. ಬೈಗುಳ ಕೂಡಲೆ ಬಂತು. ಹಾರ್ಲೆಮ್ ಬಿಟ್ಟು ಪೇಟೆ ನಡುವೆ ಯಾಕೆ? ಎಲ್ಲರೂ ‘ಬ್ಲ್ಯಾಕ್’ ಅನ್ನೋ ಹೊತ್ತಲ್ಲಿ ‘ನೀಗ್ರೋ’ ಹೆಸರೇಕೆ? ಮೊದಲ ನಾಟಕವೇ ಯುರೋಪಿನ ಪೀಟರ್ ವೈಸ್‌ನದ್ದೇಕೆ? ಬೈದವರ ಮಾತಲ್ಲಿ ಹುರುಳಿತ್ತು. ಆದರೂ ಆ ಕಂಪನಿ ನೂರಾರು ಕರಿಯ ನಟರಿಗೆ, ಬೆಳಕಿನವರಿಗೆ, ಬಟ್ಟೆ ಹೊಲಿಯೋರಿಗೆ ಕೆಲಸ ಕಲಿಸಿತು. ಅದು ಬೆಳೆಸಿದ ‘ಎ ಸೋಲ್ಜರ್ಸ್ ಪ್ಲೇ’ 1982ರಲ್ಲಿ ಪುಲಿಟ್ಜರ್ ಪಡೆಯಿತು. ಶುದ್ಧವಾಗಿರಬೇಕು ಅಂತ ಅವತ್ತು ಆ ಗ್ರಾಂಟು ತಿರುಗಿಸಿ ಕಳಿಸಿದ್ದರೆ ಚೆನ್ನಾಗಿತ್ತು ಅಂತ ನಮಗಂತೂ ಹೇಳೋಕೆ ಬಾಯಿ ಬರುವುದಿಲ್ಲ. ಹೊಟ್ಟೆ ತುಂಬಿದವರು ಹೇಳಲಿ.

ನ್ಯೂಜೆರ್ಸಿಯ ಕ್ರಾಸ್‌ರೋಡ್ಸ್ ಥಿಯೇಟರ್ ಹೊಲಿಗೆ ಕಾರ್ಖಾನೆಯೊಂದರ ಕಟ್ಟಡದಲ್ಲಿ 1978ರಲ್ಲಿ ಶುರುವಾದದ್ದು. 1991ರಲ್ಲಿ ಹೊಸ ಕಟ್ಟಡಕ್ಕೆ ಹೋಯಿತು. 1996ರ ಜೂನ್‌ನಲ್ಲಿ ಪ್ರಿನ್ಸ್‌ಟನ್‌ನಲ್ಲಿ ನಾಟಕಕಾರ ಆಗಸ್ಟ್ ವಿಲ್ಸನ್ ಬಿಳಿ ನಿರ್ದೇಶಕರು, ಬೋರ್ಡಿನವರು ತುಂಬಿದ ಸಭೆಯಲ್ಲಿ ನಿಂತು ದೇಶದ 66 ದೊಡ್ಡ ಲಾಭಕ್ಕಲ್ಲದ ರಂಗಸಂಸ್ಥೆಗಳಲ್ಲಿ ಕರಿಯರದ್ದು ಒಂದೇ ಒಂದು ಅಂದಾಗ ಆ ಒಂದು ಇದೇ ಕ್ರಾಸ್‌ರೋಡ್ಸ್. 1999ರಲ್ಲಿ ಅದಕ್ಕೆ ದೇಶದ ಅತ್ಯುತ್ತಮ ಪ್ರಾದೇಶಿಕ ರಂಗಸಂಸ್ಥೆ ಅಂತ ಟೋನಿ ಪ್ರಶಸ್ತಿ ಬಂತು. 2000ದಲ್ಲಿ ಸಾಲದ ಹೊರೆಯಿಂದ ಆಟ ನಿಲ್ಲಿಸಿ ಬಾಗಿಲು ಹಾಕಿತು. ಒಂದೇ ವರ್ಷದ ಅಂತರ! ಆಮೇಲೆ ಮತ್ತೆ ತೆರೆದರು, ಬೇರೆ ಮಾತು.

2020ರಲ್ಲಿ ಮಹಾಮಾರಿಯಿಂದ ರಂಗಮಂದಿರಗಳು ಮುಚ್ಚಿದ್ದಾಗಲೇ ಜಾರ್ಜ್ ಫ್ಲಾಯ್ಡ್ ಕೊಲೆಯಾಯಿತು. ಜೂನ್‌ನಲ್ಲಿ 300ಕ್ಕೂ ಹೆಚ್ಚು ಕಲಾವಿದರು ಬಿಳಿ ರಂಗಭೂಮಿಯೇ, ನಿನ್ನನ್ನು ನೋಡಿದ್ದೇವೆ ಅಂತ ಬಹಿರಂಗ ಪತ್ರ ಬರೆದರು. ಹಿಂದೆಯೇ ಬೇಡಿಕೆಗಳ ಉದ್ದ ಪಟ್ಟಿ ಬಂತು. ಅದರಲ್ಲಿ ಬೋರ್ಡುಗಳ ವಿಷಯವೂ ಇತ್ತು. ಬೋರ್ಡುಗಳು ದಡಬಡ ಹೇಳಿಕೆ ಕೊಟ್ಟವು, ಒಂದಿಬ್ಬರು ಕರಿಯರನ್ನು ಕುರ್ಚಿಗೆ ಕರೆದವು. ನಮ್ಮಲ್ಲಿ ಏಪ್ರಿಲ್ 14ರಂದು ಕೆಲವರು ನೀಲಿ ಶಾಲು ಹೊದೆಯುತ್ತಾರಲ್ಲ, ಹಾಗೆ. 2025ರ ಮೇನಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಕಲಾ ನಿಧಿ ಮಂಜೂರು ಮಾಡಿದ್ದ ಎಷ್ಟೋ ಗ್ರಾಂಟುಗಳನ್ನು ವಾಪಸು ತೆಗೆದುಕೊಂಡಿತು.

ಇಷ್ಟೆಲ್ಲ ಓದಿ ನಾವು ಮತ್ತೆ ನಮ್ಮ ಅರ್ಜಿ ಮುಂದೆ ಕೂತೆವು. ದೊಡ್ಡ ಮನುಷ್ಯರ ಹೆಸರು ಹೊಡೆದುಹಾಕಿದೆವು. ಅವರು ಬಂದು ಮುಂದಿನ ಸಾಲಲ್ಲಿ ಕೂತು ನೋಡಲಿ, ಸಂತೋಷ. ಬಹುಮಾನ ಬಂದರೆ, ಸಿನಿಮಾದವರು ಕರೆದರೆ, ಸರ್ಕಾರದ ಕಾಸು ನಿಂತರೆ ಏನು ಮಾಡಬೇಕು ಅಂತ ನಿಯಮಾವಳಿಯಲ್ಲಿ ಮೂರು ಕಲಮು ಸೇರಿಸಿದೆವು. ಎರಡರ ಮೇಲೆ ಒಪ್ಪಿಗೆ ಆಗಿದೆ, ಸಿನಿಮಾದ್ದರ ಮೇಲೆ ಇನ್ನೂ ಜಗಳ ನಡೀತಾ ಇದೆ. ಏಳರಲ್ಲಿ ಐದು ಹೆಸರು ಬರೆದಿದ್ದೇವೆ. ಆರನೆಯದು ತಂಡದಲ್ಲಿ ಸೋಬಾನೆ ಹೇಳುವ ಅಕ್ಕನದು. “ನಂಗೆ ಓದಕ್ ಬರಲ್ಲ ಕಣ್ರಪ್ಪ, ಲೆಕ್ಕ ಬತ್ತದೆ” ಅಂದಳು. ಖಜಾಂಚಿ ಅಂತ ಬರೆದುಕೊಂಡೆವು. ಏಳನೆಯ ಗೆರೆ ಖಾಲಿ ಇದೆ.